ಅಕ್ಕನ ಮುಖದ ಗೊಂಬೆಗಳು

ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಮಂದಿಗಿಂತ ತಲೆಗಳೇ ಹೆಚ್ಚು. ಗೋಡೆಯುದ್ದಕ್ಕೂ ಅಪ್ಪ ಹೊಡೆಸಿದ್ದ ಹಲಗೆಗಳ ಮೇಲೆ ಪ್ಲಾಸ್ಟಿಕ್ ಗೊಂಬೆಯ ತಲೆಗಳನ್ನು ಸಾಲಾಗಿ ಒರಗಿಸಿರುತ್ತಿದ್ದರು. ಬೋಳು ನೆತ್ತಿ, ಉಬ್ಬಿದ ಕೆನ್ನೆ, ಸಣ್ಣ ಗಲ್ಲ. ಕಣ್ಣಿರಬೇಕಾದ ಜಾಗದಲ್ಲಿ ಬರೀ ನುಣುಪು. ಕೈಕಾಲು, ಮೈಗಳು ಹಿಂದಿನ ಕೋಣೆಯ ಗೋಣಿಚೀಲಗಳಲ್ಲಿ ಇರುತ್ತಿದ್ದವು. ಹೊಸದಾಗಿ ಮನೆಗೆ ಬಂದವರು ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತೇ ಒಳಗೆ ಕಾಲಿಡುತ್ತಿದ್ದರು. ನಾವು ಮಾತ್ರ ಆ ತಲೆಗಳ ಕೆಳಗೇ ಕೂತು ರೊಟ್ಟಿ, ಶೇಂಗಾ ಚಟ್ನಿಪುಡಿ ಉಣ್ಣುತ್ತಿದ್ದೆವು. ಮಧ್ಯಾಹ್ನ ಹಿತ್ತಲಾಚೆಯ ಬಂಡೆಗುಡ್ಡ ಕಾದು ಮನೆಯೆಲ್ಲ ಬೇಯತೊಡಗಿದಾಗ ಪ್ಲಾಸ್ಟಿಕ್ ಹಿಗ್ಗಿ ಹಲಗೆಯ ಮೇಲಿಂದ ಟಿಕ್, ಟಿಕ್ ಎಂಬ ಸದ್ದು ಬರುತ್ತಿತ್ತು, ಯಾರೋ ಹಲ್ಲು ಕಡಿದ ಹಾಗೆ. ಆಷಾಢದ ಗಾಳಿ ಬಿಟ್ಟಿತೆಂದರೆ ಇನ್ನೊಂದು ಬಗೆ. ಟೊಳ್ಳು ತಲೆಗಳ ಕತ್ತಿನ ತೂತು ಕಿಟಕಿಯ ಕಡೆಗಿದ್ದರೆ ಗಾಳಿ ಅದರೊಳಗೆ ಹೊಕ್ಕು 'ಹೂಂ' ಎನ್ನುತ್ತಿತ್ತು. ಒಂದು ತಲೆ ಶುರು ಮಾಡಿದರೆ ಪಕ್ಕದ್ದು ಸೇರಿಕೊಳ್ಳುತ್ತಿತ್ತು. ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದ ಅಜ್ಜಿ, ಅಪ್ಪನ ತಾಯಿ, ಕತ್ತೆತ್ತದೆ ಉತ್ತರ ಕೊಡುತ್ತಿದ್ದಳು.

"ಏನವ್ವಾ? ಏನು ಬೇಕಾಗೇತಿ?"

ಅಪ್ಪ ಹರೆಯದಲ್ಲಿ ಮದ್ರಾಸಿನ ಆಟಿಕೆ ಕಾರ್ಖಾನೆಯೊಂದರಲ್ಲಿ ದುಡಿದಿದ್ದ. ಅಲ್ಲಿ ಮೂಲೆಗೆ ಹಾಕಿದ್ದ ಹಳೆಯ ಯಂತ್ರವೊಂದನ್ನು ಕೊಂಡು ಊರಿಗೆ ತಂದು ಹಿತ್ತಲ ತಗಡಿನ ಶೆಡ್ಡಿನಲ್ಲಿ ಕೂರಿಸಿದ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಬಿಟ್ಟು ಗಾಳಿ ಊದಿದರೆ ತಲೆ ಸಿದ್ಧ. ಹೊರದೇಶದ ಆಟಿಕೆಗಳು ಒಳಗೆ ಬರದಂತೆ ಸರ್ಕಾರವೇ ಬಾಗಿಲು ಹಾಕಿಕೊಂಡಿದ್ದ ಕಾಲ ಅದು. ಕದ್ದುಮುಚ್ಚಿ ಒಂದೆರಡು ಬಂದರೂ ಅವು ದೊಡ್ಡವರ ಮನೆಯ ಗಾಜಿನ ಕಪಾಟು ಸೇರುತ್ತಿದ್ದವು. ಹಾಗಾಗಿ ಬಳ್ಳಾರಿಯ ಅಂಗಡಿಗಳಲ್ಲಿ, ಸಿರುಗುಪ್ಪ, ತೆಕ್ಕಲಕೋಟೆಯ ಸಂತೆಗಳಲ್ಲಿ ಹಗ್ಗಕ್ಕೆ ನೇತು ಬಿದ್ದಿರುತ್ತಿದ್ದದ್ದು ನಮ್ಮ ಗೊಂಬೆಯೇ. ಅಚ್ಚು ಕೆತ್ತುವವನು ಯಾವ ಮುಖ ಬೇಕೆಂದು ಕೇಳಿದಾಗ ಅಪ್ಪ ಅಂಗಿಯ ಜೇಬಿನಿಂದ ಒಂದು ಫೋಟೊ ತೆಗೆದುಕೊಟ್ಟನಂತೆ. ಅದು ನಮ್ಮಕ್ಕ ನೀಲಾಳದು. ನಾನು ಹುಟ್ಟುವ ಮೊದಲೇ ಜ್ವರ ಬಂದು ತೀರಿಕೊಂಡ ಕೂಸು, ಆಗಷ್ಟೇ ಓಡಾಡಲು ಕಲಿತಿದ್ದವಳು.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದೇವರ ಕೋಣೆಯ ಗೋಡೆಯ ಗೂಡಿನಲ್ಲಿ ಒಂದು ಫೋಟೊ ಇತ್ತು, ಅದರ ಗಾಜಿನ ಮೇಲೆ ದಿನವೂ ವಿಭೂತಿ ಹಚ್ಚುತ್ತಿದ್ದರು, ಅವಳು ನನ್ನ ಅಕ್ಕ. ನನಗೆ ಗೊತ್ತಿದ್ದದ್ದು ಅಷ್ಟೇ. ಒಂದು ದಿನ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಾಗ ಅಜ್ಜಿ ಅವ್ವನ ಮೇಲೆ ಹರಿಹಾಯುವುದು ಕೇಳಿಸಿತು.

"ಹಡದಾಕಿ ನೀನು. ಹೋದ ಕೂಸಿನ ಮಾರಿ ತಗೊಂಡು ಸಂತ್ಯಾಗ ಮಾರಾಕ ಮನಸು ಹೆಂಗ ಬರತೈತಿ ನಿನಗ?"

ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ ಹೇಳಿದಳು:

"ಮಾರಾಕ ಅಲ್ಲ ಅತ್ತಿ. ದಿನಾ ನೋಡಾಕ."

ಆ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಂದು ತಲೆಯನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದೆ. ಫೋಟೊದ ಪಕ್ಕ ಹಿಡಿದು ನೋಡಿದೆ. ಗಲ್ಲ ಅದೇ, ಮೇಲ್ದುಟಿಯ ನಡುವಿನ ಸಣ್ಣ ಉಬ್ಬೂ ಅದೇ. ಕಣ್ಣು ಮಾತ್ರ ಇರಲಿಲ್ಲ. ಕೈಯಲ್ಲಿದ್ದದ್ದು ಬಿಸಿಲಿಗೆ ಬೆಚ್ಚಗಾಗಿತ್ತು, ಜ್ವರ ಬಂದ ಮೈಯ ಹಾಗೆ. ಅದನ್ನು ಹಲಗೆಯ ಮೇಲೆ ವಾಪಸಿಟ್ಟು ತಿರುಗಿದೆ. ಹಿಂದೆ ಏನೋ ಉರುಳಿದ ಸದ್ದಾಯಿತು. ನೋಡಿದರೆ ಗೋಡೆಗೆ ಮುಖ ಮಾಡಿ ಇಟ್ಟಿದ್ದ ತಲೆ ನನ್ನ ಕಡೆ ಹೊರಳಿತ್ತು. ಗಾಳಿಯೇ ಇರಬೇಕು. ಆದರೆ ಹೊರಗೆ ಬೇವಿನೆಲೆ ಅಲ್ಲಾಡುತ್ತಿರಲಿಲ್ಲ. "ಅಕ್ಕಾ" ಎಂದೆ, ಮೆಲ್ಲಗೆ. ಬೇರೆ ಏನೂ ಆಗಲಿಲ್ಲ. ಅಂದಿನಿಂದ ನಾನು ಆ ಮನೆಯಲ್ಲಿ ಯಾವ ಗೊಂಬೆಯನ್ನೂ ಆಟಕ್ಕೆ ಮುಟ್ಟಲಿಲ್ಲ. ಮಲಗುವಾಗ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಿದ್ದೆ.

ಕಣ್ಣು ಬರೆಯುವುದು ಅವ್ವನ ಕೆಲಸ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕಿಟಕಿಯ ಬೆಳಕಿಗೆ ಕೂತು, ತೊಡೆಯ ಮೇಲೆ ಒಂದು ತಲೆ ಮಲಗಿಸಿಕೊಂಡು, ಸಣ್ಣ ಕುಂಚದಿಂದ ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸಬಾರದು. ಒಂದು ಕಣ್ಣು ಬರೆದು ಇನ್ನೊಂದನ್ನು ಉಳಿಸಿ ಏಳಬಾರದು. ಸಂಜೆ ದೀಪ ಹಚ್ಚುವ ಮೊದಲು ಶುರು ಮಾಡಿದ್ದನ್ನೆಲ್ಲ ಮುಗಿಸಿರಬೇಕು. ಇವನ್ನು ಯಾರು ವಿಧಿಸಿದ್ದರೋ, ಅಪ್ಪನೂ ಪಾಲಿಸುತ್ತಿದ್ದ. ಅವ್ವ ಬರೆದ ಕಣ್ಣುಗಳು ಯಾವಾಗಲೂ ಕೊಂಚ ಮೇಲಕ್ಕೆ ನೋಡುತ್ತಿದ್ದವು, ತೊಡೆಯ ಮೇಲೆ ಮಲಗಿದ ಕೂಸು ತಾಯಿಯ ಮುಖ ನೋಡುವ ಹಾಗೆ. ಅಂಗಡಿಯಲ್ಲಿ ನೇತು ಹಾಕಿದಾಗ ಅವು ಆಕಾಶ ನೋಡುತ್ತಿರುವಂತೆ ಕಾಣುತ್ತಿದ್ದವು. ಗಿರಾಕಿಗಳಿಗೆ ಅದೇ ಇಷ್ಟವಾಯಿತೋ ಏನೋ. ಬಳ್ಳಾರಿಯಲ್ಲಿ ಮದುವೆಗೆ ಉಡುಗೊರೆ ಕೊಡುವವರು, ಟಿವಿಯ ಮೇಲೆ ಕೂರಿಸುವವರು ಅದನ್ನೇ ಕೇಳಿ ಒಯ್ಯುತ್ತಿದ್ದರು.

ಅವ್ವನ ತಮ್ಮ ವೀರೇಶ ಮಾವ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ವ್ಯವಹಾರ ನೋಡಿಕೊಳ್ಳುತ್ತಿದ್ದ. ಅಕ್ಕಿ ಲೋಡಿನ ಬೆನ್ನಿಗೆ ಮದ್ರಾಸಿಗೆ ಹೋಗಿಬರುತ್ತಿದ್ದ. ಹಾಗೆ ಒಮ್ಮೆ ಹೋದವನು ನೇರ ನಮ್ಮ ಮನೆಗೆ ಬಂದು, ಊಟಕ್ಕೆ ಕೂತವನೇ ಚೀಲದಿಂದ ಒಂದು ಗೊಂಬೆ ತೆಗೆದು ಅಪ್ಪನ ತಾಟಿನ ಪಕ್ಕ ಮಲಗಿಸಿದ. ಮಲಗಿಸಿದೊಡನೆ ಅದು ಕಣ್ಣು ಮುಚ್ಚಿತು. ಎತ್ತಿದರೆ ಕಣ್ಣು ತೆರೆಯಿತು. ಹೊಟ್ಟೆ ಅದುಮಿದರೆ ಯಾವುದೋ ಭಾಷೆಯಲ್ಲಿ ಅತ್ತಿತು. ಅಜ್ಜಿಯ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ಅಪ್ಪ ಕೈ ತೊಳೆದು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ನಮ್ಮ ಗೊಂಬೆಯ ಕೆನ್ನೆಯ ಪಕ್ಕ ಅಚ್ಚಿನ ಎರಡು ಹೋಳು ಕೂಡುವಲ್ಲಿ ಒಂದು ಏಣು ಉಳಿಯುತ್ತಿತ್ತು, ಮಕ್ಕಳ ಕೈಗೆ ಗೀರುತ್ತಿತ್ತು. ಇದರಲ್ಲಿ ಎಲ್ಲಿಯೂ ಬೆರಳಿಗೆ ಏನೂ ಸಿಗಲಿಲ್ಲ.

"ನೋಡ್ರಿ ಭಾವ," ಎಂದ ಮಾವ. "ಇವತ್ತಿಲ್ಲ ನಾಳಿ ಬಾಗಲಾ ತೆಗೀತಾರ. ಲಾರಿಗಟ್ಟಲೆ ಬರತಾವು ಇಂಥವು. ಅವಾಗ ನಿಮ್ಮ ಗೊಂಬಿ ಯಾರು ಕೇಳ್ತಾರ?"

"ಯಾಕ ತೆಗೀತಾರಲೇ? ನಮ್ಮ ಕಸುಬು ಇನ್ನೂ ಎಳಿ ಕೂಸು. ತಾನ ನಡಿಯಾಕ ಬರೋತನಕ ಯಾರರೆ ಕೈ ಹಿಡೀಬೇಕಲ್ಲ?"

"ಎಷ್ಟು ವರ್ಷ ಹಿಡೀತೀರಿ? ಕೈ ಬಿಟ್ರ ತಾನ ನಡಿಯೋದು ಕಲೀತೈತಿ. ಕಲೀದ ಇದ್ರ ಅದು ಬದುಕೋ ಕೂಸಲ್ಲ ಬಿಡ್ರಿ."

ಹೇಳಿದ ಮೇಲೆ ಮಾವನಿಗೆ ತಾನೇನು ಹೇಳಿದೆ ಎಂದು ಹೊಳೆಯಿತು. ಅವ್ವ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟು ಹಿತ್ತಲಿಗೆ ಹೋದಳು. ಮಾವ ಅರ್ಧ ಊಟಕ್ಕೆ ಎದ್ದು ಬಸ್ಸು ಹತ್ತಿದ. ಆಮೇಲೆ ಬಹಳ ಕಾಲ ನಮ್ಮ ಹೊಸ್ತಿಲು ತುಳಿಯಲಿಲ್ಲ. ಗೊಂಬೆ ಇಲ್ಲೇ ಉಳಿಯಿತು. ಅಪ್ಪ ಅದನ್ನು ಶೆಡ್ಡಿಗೆ ಒಯ್ದು, ತಲೆ ಬಿಚ್ಚಿ, ಕಣ್ಣು ಮುಚ್ಚುವ ಗುಟ್ಟೇನೆಂದು ಹುಡುಕಿದ. ಒಳಗೆ ಕಣ್ಣುಗುಡ್ಡೆಯನ್ನು ತೂಕದಿಂದ ಹೊರಳಿಸುವ ಒಂದು ಸಣ್ಣ ಸೀಸದ ತುಂಡು ಇತ್ತು, ಅಷ್ಟೇ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪ ಮಧ್ಯಾಹ್ನವಿಡೀ ಕೂತಿದ್ದ.

ಬಾಗಿಲು ತೆರೆಯುವ ಮೊದಲೇ ಇನ್ನೊಂದು ತೊಂದರೆ ಬಂತು. ನಮ್ಮ ಗೊಂಬೆ ಮಕ್ಕಳ ಕೈಗಿಂತ ಟಿವಿಯ ಮೇಲೆ, ಕಪಾಟಿನಲ್ಲಿ ಹೆಚ್ಚು ಕಾಣುತ್ತಿದೆ, ಆದ್ದರಿಂದ ಇದು ಆಟಿಕೆಯಲ್ಲ, ಶೋಕಿ ಸಾಮಾನು ಎಂದು ತೆರಿಗೆ ಕಚೇರಿಯವರಿಗೆ ಅನುಮಾನ. ಆಟಿಕೆಗೆ ಒಂದು ತೆರಿಗೆ, ಶೋಕಿಗೆ ಅದಕ್ಕಿಂತ ಬಹಳ ಹೆಚ್ಚು. ಆ ತೆರಿಗೆ ಬಿದ್ದರೆ ಸಂತೆಯಲ್ಲಿ ಯಾರೂ ನಮ್ಮ ಗೊಂಬೆಯನ್ನು ಕೊಳ್ಳುವ ಹಾಗಿರಲಿಲ್ಲ. ಕಣ್ಣಾರೆ ನೋಡಿ ತೀರ್ಮಾನಿಸಲು ಅಧಿಕಾರಿಯೊಬ್ಬರು ಬಳ್ಳಾರಿಯಿಂದ ಬಂದರು. ಬೆಂಗಳೂರು ಕಡೆಯವರು, ಮೃದು ಮಾತಿನವರು. ಹೊಸ್ತಿಲ ಮೇಲೆ ಅವರೂ ನಿಂತರು. ಪಡಸಾಲೆಯ ಹಲಗೆಗಳನ್ನೆಲ್ಲ ಒಮ್ಮೆ ನೋಡಿ, ಆ ತಲೆಗಳಿಗೆ ಬೆನ್ನು ಹಾಕದ ಹಾಗೆ ಕುರ್ಚಿಯನ್ನು ತಿರುಗಿಸಿಕೊಂಡು ಕೂತರು.

"ಮನೇಲಿ ಹೆಣ್ಣುಮಗು ಇದೆಯಲ್ಲ. ಅವಳು ಇದರಲ್ಲಿ ಆಡ್ತಾಳಾ?"

"ಆಡ್ತಾಳ್ರಿ ಸಾಹೇಬ್ರ. ಇಡೀ ದಿನ ಅದರ ಜೊತಿಗೇ ಇರ್ತಾಳ," ಎಂದ ಅಪ್ಪ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬಾಮ್ಮಾ. ಆಡು, ನೋಡೋಣ."

ಅಪ್ಪ ಒಂದು ಪೂರ್ತಿ ಗೊಂಬೆಯನ್ನು ತಂದು ನನ್ನ ಕೈಗಿಟ್ಟ. ಗುಲಾಬಿ ಫ್ರಾಕು, ಮೇಲೆ ನೋಡುವ ಕಣ್ಣು. ನೆಲದ ಮೇಲೆ ಕೂತೆ. ತೊಡೆಯ ಮೇಲೆ ಮಲಗಿಸಿಕೊಂಡೆ. ಅದು ನನ್ನನ್ನೇ ನೋಡಿತು. ಮುಂದೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅಪ್ಪ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದ. ಅವ್ವ ಕಿಟಕಿಯ ಹತ್ತಿರ, ಕೈಯಲ್ಲಿ ಕುಂಚ. ಗೊಂಬೆಗೆ ತಾಗದ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಯಾಕಮ್ಮ? ಭಯಾನಾ? ಬರೀ ಗೊಂಬೆ ಅಲ್ವಾ ಅದು?"

"ಗೊಂಬಿ ಅಲ್ರಿ," ಎಂದೆ. "ನಮ್ಮಕ್ಕ."

ಅವರು ನಕ್ಕರು. ಮಕ್ಕಳ ಮಾತು ಎಂದುಕೊಂಡಿರಬೇಕು.

"ಹೌದಾ? ಅಕ್ಕನ ಹೆಸರೇನು?"

"ನೀಲಾ ರೀ. ಅಲ್ಲಿ ಅದಾಳ ನೋಡ್ರಿ."

ನಾನು ಬೆರಳು ಮಾಡಿದ ಕಡೆ ಅವರು ನೋಡಿದರು. ದೇವರ ಕೋಣೆಯ ಬಾಗಿಲು ತೆರೆದಿತ್ತು. ಫೋಟೊ ನೋಡಿದರು, ನನ್ನ ತೊಡೆಯ ಮೇಲಿದ್ದದ್ದನ್ನು ನೋಡಿದರು. ಆಮೇಲೆ ಕತ್ತೆತ್ತಿ ಮೇಲಿನ ಹಲಗೆ, ಕೆಳಗಿನ ಹಲಗೆ, ಮೂಲೆಯ ಬುಟ್ಟಿ, ಎಲ್ಲ ಕಡೆ ಇದ್ದ ಆ ಒಂದೇ ಮುಖವನ್ನು ನೋಡಿದರು. ಅದೇ ಹೊತ್ತಿಗೆ ಗಾಳಿ ಬಂತು. ಹಲಗೆಯ ಆ ತುದಿಯಿಂದ 'ಹೂಂ' ಶುರುವಾಗಿ ಈ ತುದಿಗೆ ಹಬ್ಬಿತು. ಮೂಲೆಯಿಂದ ಅಜ್ಜಿ, "ಬಂದ್ನೆವ್ವಾ" ಎಂದಳು.

ಅಧಿಕಾರಿ ಎದ್ದರು. ತಂದಿಟ್ಟ ಚಹಾ ಮುಟ್ಟಲಿಲ್ಲ. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಡಲು ಬಂದವರು ಅರ್ಧಕ್ಕೆ ಹಿಂದೆಗೆದರು. ಕೆಲವು ವಾರಗಳಾದ ಮೇಲೆ ಇದು ಆಟಿಕೆಯೇ ಎಂದು ತೀರ್ಮಾನ ಬಂತು. ಅಪ್ಪ ಬಳ್ಳಾರಿಯಿಂದ ಮಿರ್ಚಿ, ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬಂದು ಓಣಿಗೆಲ್ಲ ಹಂಚಿದ.

ಆದರೆ ಅಧಿಕಾರಿ ಹೋದ ದಿನವೇ ಅವ್ವ ನನ್ನನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡಿದ್ದಳು.

"ನಿನಗ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನ ನೋಡಿದ್ನಿ."

"ಅಂಜಿಕಿ ಬರತಿತ್ತೇನು?"

"ಹೂಂ."

ಅವ್ವ ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಜಡೆಯ ತುದಿಗೆ ಬಂದ ಮೇಲೆ ಹಿಂದಿನಿಂದ ಹೇಳಿದಳು:

"ನನಗೂ."

ಮಾರನೆಯ ದಿನ ಅವ್ವ ಕಿಟಕಿಯ ಬೆಳಕಿಗೆ ಕೂತು ಎಡಗಣ್ಣು ಬರೆದಳು. ಬಲಗಣ್ಣಿಗೆ ಬಂದಾಗ ಕೈ ನಿಂತಿತು. ಕುಂಚದ ತುದಿಯ ಕಪ್ಪು ಒಣಗಿತು. ಒಂದೇ ಕಣ್ಣಿನ ಅಕ್ಕ ಅವಳ ತೊಡೆಯ ಮೇಲೆ ಮಲಗಿ ಅವಳನ್ನೇ ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತಾಗುತ್ತ ಬಂದರೂ ಅವ್ವ ಕದಲಲಿಲ್ಲ. ನನಗೆ ಅದನ್ನು ಹಾಗೇ ಬಿಟ್ಟು ಮಲಗುವ ಧೈರ್ಯವಿರಲಿಲ್ಲ. ಹೋಗಿ ಅವಳ ಕೈಯಿಂದ ಕುಂಚ ತೆಗೆದುಕೊಂಡು, ಮತ್ತೆ ಕಪ್ಪಿಗೆ ಅದ್ದಿ, ಬಲಗಣ್ಣನ್ನು ನಾನೇ ಬರೆದೆ. ಅದು ಮೇಲಕ್ಕೆ ನೋಡಲಿಲ್ಲ, ನೆಟ್ಟಗೆ ನೋಡಿತು. ಆ ಗೊಂಬೆಯನ್ನು ಯಾರೂ ಕೊಳ್ಳಲಿಲ್ಲ, ಬಹಳ ದಿನ ಶೆಡ್ಡಿನಲ್ಲಿತ್ತು. ಅಂದಿನಿಂದ ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಕಣ್ಣು ಬರೆಯುವ ಕೆಲಸ ನನ್ನದಾಯಿತು. ನನ್ನವು ಎದುರಿಗಿದ್ದವರನ್ನು ನೇರ ದಿಟ್ಟಿಸುವ ಕಣ್ಣುಗಳು. ಒಂದಕ್ಕೆ ಕೊಂಚ ತುಂಟತನ, ಒಂದಕ್ಕೆ ಸಿಟ್ಟು, ಒಂದಕ್ಕೆ ನಿದ್ದೆ. ಅಪ್ಪ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ನೀಲಾ ಅಲ್ಲ" ಎಂದ. "ಅಲ್ಲದಿದ್ರ ಚಲೋನ ಆತು ಬಿಡ್ರಿ" ಎಂದಳು ಅವ್ವ. ನನ್ನ ಭಯ ಯಾವಾಗ ಹೋಯಿತೆಂದು ಹೇಳಲಾರೆ. ಪೂರ್ತಿ ಹೋಯಿತೆಂದೂ ಹೇಳಲಾರೆ. ಈಗ ಬಳ್ಳಾರಿಯ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಯಾವ ಮಗುವಾದರೂ ಒಂದು ಕಣ್ಣು ಬರೆದು ಗಂಟೆ ಹೊಡೆಯಿತೆಂದು ಏಳಹೋದರೆ, ತೋಳು ಹಿಡಿದು ಕೂರಿಸಿಬಿಡುತ್ತೇನೆ.

ನಾನು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಮಾವ ಹೇಳಿದ ಹಾಗೆ ಬಾಗಿಲು ತೆರೆಯಿತು. ಬಳ್ಳಾರಿಯ ಬಸ್‌ಸ್ಟ್ಯಾಂಡಿನ ಮುಂದೆ ತಳ್ಳುಗಾಡಿಗಳ ತುಂಬ ಹಾಡುವ, ಕುಣಿಯುವ, ಕಣ್ಣು ಮಿಟುಕಿಸುವ ಗೊಂಬೆಗಳು. ಮಾವನೇ ಗಿರಣಿ ಬಿಟ್ಟು ಅವನ್ನು ತರಿಸಿ ಮಾರುವ ಅಂಗಡಿ ಹಾಕಿದ. ಮಕ್ಕಳು ಕುಣಿದಾಡಿದರು, ಅದೂ ಸುಳ್ಳಲ್ಲ. ನಮ್ಮ ಗೊಂಬೆಯ ಏಣು ಕೊನೆಯವರೆಗೂ ಹಾಗೇ ಇತ್ತು. ಈಚೆಗೆ ಸರ್ಕಾರ ಹೊರಗಿನ ಆಟಿಕೆಯ ಮೇಲೆ ಮತ್ತೆ ಭಾರಿ ಸುಂಕ ಹಾಕಿದೆ. ಮಾವನ ಅಂಗಡಿ ಅರ್ಧ ಖಾಲಿಯಾಗಿದೆ. ಮೊನ್ನೆ ಮನೆಗೆ ಬಂದವನು ತಲೆ ಕೆಳಗೆ ಹಾಕಿ, "ಭಾವ ಹೇಳಿದ್ದನ್ನ ಈಗ ಸರ್ಕಾರ ಹೇಳಾಕ ಹತ್ತೈತಿ. ಕೇಳಾಕ ಭಾವ ಇಲ್ಲ" ಎಂದ. ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಒಬ್ಬರ ಮಾತು ಗೆದ್ದಾಗಲೆಲ್ಲ ಇನ್ನೊಬ್ಬರ ಮನೆಯ ಒಲೆ ತಣ್ಣಗಾದದ್ದನ್ನಷ್ಟೇ ನಾನು ನೋಡಿದ್ದೇನೆ.

ಮೊದಲ ಸಲ ಬಾಗಿಲು ತೆರೆದಾಗ ತಣ್ಣಗಾದದ್ದು ನಮ್ಮ ಒಲೆ. ಅಂಗಡಿಗಳವರು ಮಾರಾಟವಾಗದ ಗೊಂಬೆಗಳನ್ನು ವಾಪಸು ಕಳಿಸತೊಡಗಿದರು. ಬಸ್ಸಿನ ಟಾಪಿನ ಮೇಲೆ ಡಬ್ಬಿಗಳು ಬರುತ್ತಿದ್ದವು. ಬಳ್ಳಾರಿಯಿಂದ, ತೆಕ್ಕಲಕೋಟೆಯಿಂದ, ಎಂದೋ ಕಳಿಸಿ ಮರೆತ ಊರುಗಳಿಂದ ಅಕ್ಕ ಮನೆಗೆ ಬರುತ್ತಿದ್ದಳು. ಅವ್ವನ ಕಣ್ಣಿನವು, ನನ್ನ ಕಣ್ಣಿನವು, ಬಿಸಿಲಿಗೆ ನೇತು ಬಿದ್ದು ಬಣ್ಣ ಮಾಸಿ ಮತ್ತೆ ಕಣ್ಣಿಲ್ಲದಂತಾದವು. ಪಡಸಾಲೆ ತುಂಬಿತು, ಕೋಣೆ ತುಂಬಿತು, ನಾವು ಮಲಗುವ ಚಾಪೆಯ ಸುತ್ತಲೂ ಗೊಂಬೆಗಳೇ. ಅಜ್ಜಿ ಆ ಹೊತ್ತಿಗೆ ಇರಲಿಲ್ಲ. ಒಂದು ಮಧ್ಯಾಹ್ನ ಗಾಳಿ ಬಂದು ಮನೆಯೆಲ್ಲ 'ಹೂಂ' ಎಂದಾಗ ಅಡುಗೆಮನೆಯಿಂದ "ಏನವ್ವಾ?" ಎಂಬ ದನಿ ಕೇಳಿ ನಾನು ಎದ್ದು ಹೋಗಿ ಇಣುಕಿದೆ. ಅದು ಅವ್ವ. ತಾನು ಓಗೊಟ್ಟದ್ದು ಅವಳಿಗೇ ಗೊತ್ತಿರಲಿಲ್ಲ.

ಅಪ್ಪ ಎಲ್ಲವನ್ನೂ ಗುಜರಿಗೆ ಹಾಕುವುದೆಂದು ನಿಶ್ಚಯಿಸಿದ. ಪುಡಿ ಮಾಡಿ ಕರಗಿಸಿದರೆ ಬಕೀಟಾದರೂ ಆಗುತ್ತವೆ ಎಂದ. ಗುಜರಿಯವನು ಚೀಲ ಹಿಡಿದು ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಮ್ಮೆ ಮಣ್ಣಿಗೆ ಇಟ್ಟು ಬಂದೀನಿ. ಕರಗಿಸಾಕ ಮಾತ್ರ ಕೊಡಂಗಿಲ್ಲ."

"ಮತ್ತೇನು ಮಾಡ್ತಿ? ಹಿಂಗ ಸುತ್ತ ಇಟ್ಕೊಂಡು ಕುಂದರತೀಯೇನು?"

"ಕೊಟ್ಟು ಬರ್ತೀನಿ."

"ಯಾರಿಗೆ?"

"ಆಡೋರಿಗೆ."

ಅಪ್ಪ ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡೊಂದರಲ್ಲಿ ಗುಂಡಿ ಒತ್ತುವ ಯಂತ್ರದ ಕೆಲಸಕ್ಕೆ ಸೇರಿದ. ಅವ್ವ, ನಾನು ಎರಡು ಚೀಲ ತುಂಬಿಕೊಂಡು ಬಸ್ಸು ಹತ್ತತೊಡಗಿದೆವು. ನನ್ನ ಕಾಲೇಜಿಗೆ ರಜೆಯಿದ್ದ ದಿನಗಳಲ್ಲಿ ಒಂದೊಂದು ಊರು. ಹೆಣ್ಣುಮಕ್ಕಳಿರುವ ಮನೆ ಕಂಡರೆ ಒಂದು ಗೊಂಬೆ. ಕೊಡುವುದು ಅಷ್ಟು ಸುಲಭವಿರಲಿಲ್ಲ. ಸಿರಿಗೇರಿಯಲ್ಲಿ ಒಬ್ಬ ಮುದುಕಿ, "ಪುಗಸಟ್ಟೆ ಯಾಕ ಕೊಡ್ತೀರಿ? ಮಾಟ ಗೀಟ ಮಾಡಿಸೀರೇನು?" ಎಂದು ಮೊಮ್ಮಗಳ ಕೈಯಿಂದ ಕಿತ್ತು ರಸ್ತೆಗೆ ಎಸೆದಳು. ಅವ್ವ ಎತ್ತಿಕೊಂಡು ಸೆರಗಿನಿಂದ ಮುಖ ಒರೆಸಿ, ಬೇರೆ ಮನೆಗೆ ನಡೆದಳು. ಆ ಮುಖ ಯಾರದೆಂದು ಎಲ್ಲಿಯೂ ಹೇಳಲಿಲ್ಲ.

ಕೊನೆಗೆ ಹೋದದ್ದು ರಾರಾವಿಗೆ. ನೆತ್ತಿ ಸುಡುವ ಬಿಸಿಲು, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹೊಳೆಯ ಕಡೆಯಿಂದ ಗಾಳಿಯೂ ಇಲ್ಲ. ಒಂದು ಮನೆಯ ಕಟ್ಟೆಯ ಮೇಲೆ ಸಣ್ಣ ಹುಡುಗಿಯೊಬ್ಬಳು ಒಬ್ಬಳೇ ಕೂತಿದ್ದಳು. ತಾಯಿ ಒಳಗೆ ಅಕ್ಕಿ ಆರಿಸುತ್ತಿದ್ದವಳು ಇಣುಕಿ ನೋಡಿ, ನಾವು ಮಾರುವವರಲ್ಲ ಎಂದು ತಿಳಿದ ಮೇಲೆ ಸುಮ್ಮನಾದಳು. ಚೀಲದಲ್ಲಿ ಒಂದೇ ಉಳಿದಿತ್ತು, ಅವ್ವ ಕಣ್ಣು ಬರೆದದ್ದು. ಅವ್ವ ಅದನ್ನು ಕೊಡುವ ಮುನ್ನ ಒಂದು ಗಳಿಗೆ ಹಿಡಿದುಕೊಂಡಿದ್ದಳು. ಹುಡುಗಿ ಎರಡೂ ಕೈ ಚಾಚಿ, ಆ ಗಡಿಯೂರಿನ ತೆಲುಗಿನಲ್ಲಿ, "ಬೊಮ್ಮ!" ಎಂದಳು. ತೆಗೆದುಕೊಂಡವಳೇ ತೊಡೆಯ ಮೇಲೆ ಮಲಗಿಸಿಕೊಂಡಳು. ಮೇಲೆ ನೋಡುವ ಆ ಕಣ್ಣುಗಳು ನೇರ ಅವಳ ಮುಖವನ್ನು ನೋಡಿದವು. ಹುಡುಗಿ ಸ್ವಲ್ಪ ಹೊತ್ತು ತಾನೂ ಬಗ್ಗಿ ನೋಡಿ, ತನ್ನ ಲಂಗದ ಅಂಚೆತ್ತಿ ಗೊಂಬೆಯ ಮುಖದ ಮೇಲೆ ಪೂರ್ತಿ ಹೊದಿಸಿಬಿಟ್ಟಳು.

ಹೆಣಕ್ಕೆ ಮುಸುಕು ಎಳೆದದ್ದನ್ನು ಕಂಡವಳಂತೆ ಅವ್ವ ಹೌಹಾರಿದಳು.

"ಮಾರಿ ಮುಚ್ಚಬ್ಯಾಡವ್ವಾ! ತೆಗಿ, ತೆಗಿ!"

ಹುಡುಗಿ ಕತ್ತೆತ್ತಿ, ಏನೂ ತಿಳಿಯದ ದೊಡ್ಡವರನ್ನು ನೋಡುವ ಹಾಗೆ ಅವ್ವನನ್ನು ನೋಡಿದಳು.

"ಬಿಸಲು ಕಣ್ಣಾಗ ಬೀಳತೈತಿ. ಆಕಿಗಿ ನಿದ್ದಿ ಬರಬ್ಯಾಡನು?" ಎಂದು ತುಟಿಯ ಮೇಲೆ ಬೆರಳಿಟ್ಟಳು. "ಶ್! ಮಲಗ್ಯಾಳ. ಸಪ್ಪಳ ಮಾಡಬ್ಯಾಡ್ರಿ."

ಅವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹುಡುಗಿ ತೊಡೆ ಅಲ್ಲಾಡಿಸುತ್ತ ಬಟ್ಟೆಯ ಮೇಲಿಂದಲೇ ತಟ್ಟತೊಡಗಿದಳು. ಅವ್ವ ಅದನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ, ಸದ್ದಾಗದ ಹಾಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ನನಗೂ ಕಣ್ಣಲ್ಲೇ ಸನ್ನೆ ಮಾಡಿದಳು. ಕಾಲು ಸುಡುವ ನೆಲದ ಮೇಲೆ ತಾಯಿ ಮಗಳು ಇಬ್ಬರೂ ಬರಿಗಾಲಲ್ಲಿ, ತುದಿಬೆರಳ ಮೇಲೆ ನಡೆಯುತ್ತ ಆ ಓಣಿ ದಾಟಿದೆವು. ತಿರುವಿಗೆ ಬಂದ ಮೇಲೂ ಅವ್ವ ಚಪ್ಪಲಿ ಹಾಕಿಕೊಳ್ಳಲಿಲ್ಲ.